ಕೆಟ್ಟ ಡ್ರೈವರನ್ನು ತಡೆದ ಮೇಲೆ

ಮಂಗಳೂರಿನ ನಂತೂರು ಒಂದು ದೊಡ್ಡ ಕೂಡುರಸ್ತೆ. ಉಡುಪಿ, ಸುರತ್ಕಲ್ಲುಗಳ ಕಡೆಯಿಂದ ಬರುವ 66ನೆಯ ರಾಷ್ಟ್ರೀಯ ಹೆದ್ದಾರಿ ಇಲ್ಲಿ ಹಾದು, ಪಂಪ್‌ವೆಲ್, ತಲಪಾಡಿಗಳ ಮಾರ್ಗವಾಗಿ ಕಾಸರಗೋಡಿಗೆ ಹೋಗುತ್ತದೆ. ಪೂರ್ವದ ಕವಲು ಬಿಕರ್ನಕಟ್ಟೆಯತ್ತ ಸಾಗಿದರೆ ಪಶ್ಚಿಮದ ಕವಲು ಕದ್ರಿ, ಮಲ್ಲಿಕಟ್ಟೆಗಳತ್ತ ಸಾಗುತ್ತದೆ. ಮಳೆಗಾಲದಲ್ಲಿ ಈ ನಾಲ್ಕರಲ್ಲಿ ಒಂದು ಕವಲು ಕುಸಿಯಿತೆಂದು ಭಾವಿಸೋಣ. ಪೋಲೀಸರು ಕೂಡಲೇ ಅಡ್ಡಗಟ್ಟೆಯಿಟ್ಟು ಆ ಕವಲನ್ನು ಮುಚ್ಚುವರು. ಅದು ಮಾಡಲೇಬೇಕಾದ ಕೆಲಸ. ಆದರೆ ಅಡ್ಡಗಟ್ಟೆಯಿಟ್ಟ ಮಾತ್ರಕ್ಕೆ ಆ ದಾರಿಯಲ್ಲಿ ಹೋಗಬೇಕಾದವರ ಅಗತ್ಯವು ಇಲ್ಲವಾಗುವುದೆ? ಬಸ್ಸುಗಳು ಒಳದಾರಿಗಳಿಗೆ ನುಗ್ಗುವುವು. ಆಸ್ಪತ್ರೆಗೆ ಹೊರಟವರು ಸುತ್ತಿ ಬಳಸಿ ಹೋಗಬೇಕಾಗುವುದು. ಈವರೆಗೆ ನೆಮ್ಮದಿಯಾಗಿದ್ದ ಓಣಿಯವರು ಗೋಳಾಡುವರು. ಅಪಾಯವನ್ನು ತಡೆಯುವುದು ಒಂದು ಕೆಲಸ; ತಡೆದುದರಿಂದ ಹುಟ್ಟಿದ ತೊಂದರೆಯನ್ನು ನೀಗುವುದು ಇನ್ನೊಂದು ಕೆಲಸ. ಎರಡನೆಯದನ್ನು ಮರೆತರೆ ಮೊದಲನೆಯದೂ ಉಳಿಯುವುದಿಲ್ಲ; ಬೇಸತ್ತ ಜನರು ಅಡ್ಡಗಟ್ಟೆಯನ್ನೇ ಸರಿಸಿ ಒಳಹೊಗುವರು.

ಗಣಕಯಂತ್ರಗಳ ಪ್ರಪಂಚದಲ್ಲಿಯೂ ಇಂಥ ಸಂದರ್ಭಗಳು ಮತ್ತೆ ಮತ್ತೆ ಬರುತ್ತವೆ. ಅಲ್ಲಿ ಕುಸಿಯುವ ರಸ್ತೆಯ ಹೆಸರು 'ಡ್ರೈವರ್'. ದೋಷವುಳ್ಳ ಡ್ರೈವರೊಂದನ್ನು ತಡೆಹಿಡಿದಾಗ ಏನಾಗುತ್ತದೆ, ಅದರಿಂದ ಬರುವ ಹಿನ್ನಡೆಯನ್ನು ತಿಳಿದವರು ಹೇಗೆ ಎದುರಿಸುತ್ತಾರೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ದುಭಾಷಿಯ ಕೆಲಸ

ಗಣಕಯಂತ್ರವು ಒಂದೇ ಯಂತ್ರವಲ್ಲ, ಅನೇಕ ಯಂತ್ರಗಳ ಕೂಟ. ಕೀಲಿಮಣೆ, ಪರದೆ, ಜಾಲಕ್ಕೆ ಜೋಡಿಸುವ ಕಾರ್ಡು, ಧ್ವನಿಯ ಚಿಪ್ಪು, ದತ್ತಾಂಶವನ್ನು ಕೂಡಿಡುವ ಡಿಸ್ಕು ಇವೆಲ್ಲ ಬೇರೆ ಬೇರೆ ಕಂಪೆನಿಗಳಲ್ಲಿ ತಯಾರಾದವು. ಒಂದೊಂದಕ್ಕೂ ಅದರದೇ ಭಾಷೆ, ಅದರದೇ ಸನ್ನೆ. ಇವೆಲ್ಲವನ್ನೂ ಆಳುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು. ಕರ್ನೆಲ್ಲಿಗೆ ಎಲ್ಲ ಉಪಕರಣಗಳ ಭಾಷೆಯೂ ತಾನಾಗಿ ಬರುವುದಿಲ್ಲ. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡಗಳೆಲ್ಲ ಕೂಡುವ ಮಂಗಳೂರಿನ ಬಂದರಿನಲ್ಲಿ ವ್ಯಾಪಾರ ಕುದುರಬೇಕಾದರೆ ಎರಡು ಭಾಷೆ ಬಲ್ಲ ದುಭಾಷಿಯೊಬ್ಬನು ನಡುವೆ ಇರಬೇಕಾದಂತೆ, ಕರ್ನೆಲ್ಲಿಗೂ ಒಂದೊಂದು ಉಪಕರಣಕ್ಕೂ ನಡುವೆ ಒಂದು ಸಣ್ಣ ತಂತ್ರಾಂಶವು ನಿಂತು ಮಾತನ್ನು ಆಚೆಗೀಚೆಗೆ ದಾಟಿಸುತ್ತದೆ. ಇದೇ ಡ್ರೈವರ್.

ದುಭಾಷಿ ತಪ್ಪು ನುಡಿದರೆ ಎರಡು ಬಗೆಯ ಕೇಡು ಸಂಭವಿಸಬಹುದು. ಬರಿಯ ಮಾತಿನ ಗೊಂದಲವಾದರೆ ಮತ್ತೊಮ್ಮೆ ಕೇಳಿ ಸರಿಪಡಿಸಿಕೊಳ್ಳಬಹುದು. ತಪ್ಪು ಮಾತನ್ನು ಕ್ರಯಪತ್ರದಲ್ಲಿ ಬರೆದು ಮೊಹರು ಹಾಕಿಸಿದರೆ ಸರಿಪಡಿಸುವುದು ಕಷ್ಟ. ಡ್ರೈವರಿನ ವಿಷಯವೂ ಹೀಗೆಯೇ. ಧ್ವನಿಯ ಡ್ರೈವರು ತಪ್ಪಿದರೆ ಕರ್ಕಶ ಶಬ್ದ ಕೇಳಬಹುದು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದರೆ ಎಲ್ಲವೂ ಮೊದಲಿನಂತಾಗುವುದು. ಆದರೆ ಕೆಲವು ಉಪಕರಣಗಳಲ್ಲಿ ವಿದ್ಯುತ್ತು ಹೋದರೂ ಅಳಿಯದ ಸ್ಮೃತಿಯಿರುತ್ತದೆ. ಡ್ರೈವರು ಅಲ್ಲಿ ತಪ್ಪು ಬರೆದರೆ ಯಂತ್ರವನ್ನು ಆರಿಸಿ ಹೊತ್ತಿಸಿದರೂ ಆ ತಪ್ಪು ಹಾಗೆಯೇ ಉಳಿಯುವುದು. ಡ್ರೈವರೊಂದನ್ನು ತಡೆಯಬೇಕೆ ಬೇಡವೆ ಎಂದು ನಿರ್ಣಯಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಆಗುವ ಕೇಡು ಅಳಿಯುವಂಥದೋ, ಉಳಿಯುವಂಥದೋ?

ಹಿನ್ನಡೆ ಎಂದರೇನು?

ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಕೆಲಸವೊಂದು ತಂತ್ರಾಂಶವನ್ನು ಹೊಸದು ಮಾಡಿದ ತರುವಾಯ ನಡೆಯದಾದರೆ ಅದನ್ನು ಹಿನ್ನಡೆ ಎನ್ನುತ್ತಾರೆ. ಎಂದೂ ನಡೆಯದಿದ್ದ ಕೆಲಸವು ಇಂದೂ ನಡೆಯದಿದ್ದರೆ ಅದು ಕೊರತೆಯೇ ಹೊರತು ಹಿನ್ನಡೆಯಲ್ಲ. ಈ ಭೇದವು ಮುಖ್ಯವಾದುದು. ಲಿನಸ್ ಟೋರ್ವಾಲ್ಡ್ಸ್ ಎಂಬಾತನು 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ಲಿನ ಕೂಟದಲ್ಲಿ ಮೊದಲನೆಯ ನಿಯಮವೆಂದು ಎಣಿಸಲ್ಪಟ್ಟಿರುವುದೇ ಇದು: ಹೊಸ ಬದಲಾವಣೆಯು ಎಷ್ಟೇ ಒಳ್ಳೆಯದಾಗಿರಲಿ, ಬಳಸುವವರ ನಡೆಯುತ್ತಿದ್ದ ಕೆಲಸವನ್ನು ಅದು ಕೆಡಿಸಬಾರದು; ಕೆಡಿಸಿದರೆ ಬದಲಾವಣೆಯನ್ನು ತಿದ್ದಬೇಕು, ಇಲ್ಲವೆ ಹಿಂತೆಗೆಯಬೇಕು.

ಇಲ್ಲಿಯೇ ಒಂದು ಇಕ್ಕಟ್ಟು ಹುಟ್ಟುತ್ತದೆ. ಕೆಟ್ಟ ಡ್ರೈವರನ್ನು ತಡೆಹಿಡಿಯುವುದೂ ಒಂದು ಬದಲಾವಣೆಯೇ. ಅದರಿಂದ ನಡೆಯುತ್ತಿದ್ದ ಯಾರದೋ ಕೆಲಸ ನಿಂತೇ ನಿಲ್ಲುವುದು. ತಡೆಯದಿದ್ದರೆ ಒಬ್ಬರಿಗೆ ಹಾನಿ, ತಡೆದರೆ ಮತ್ತೊಬ್ಬರಿಗೆ ಹಿನ್ನಡೆ. ಇವೆರಡನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕಾಗುವುದು.

ಇದು ದೂರದ ತಜ್ಞರಿಗೆ ಮಾತ್ರ ಸಂಬಂಧಿಸಿದ ವಿಚಾರವೆಂದು ಓದುಗರು ತಿಳಿಯಬಾರದು. ನಂತೂರಿನಿಂದ ದಕ್ಷಿಣಕ್ಕೆ ಇಳಿದು ತಲಪಾಡಿಯನ್ನು ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿನ ಕನ್ನಡ ಮಾಧ್ಯಮದ ಶಾಲೆಗಳ ಮಕ್ಕಳು ಗಣಕಪಾಠವನ್ನು ಕಲಿಯುವುದು ಮುಕ್ತ ತಂತ್ರಾಂಶದ ಮೇಲೆಯೇ. ಕೇರಳದ ಶಾಲೆಗಳಿಗಾಗಿ 'ಕೈಟ್' ಎಂಬ ಸರಕಾರಿ ಸಂಸ್ಥೆಯು ಉಬುಂಟು ಎಂಬ ಲಿನಕ್ಸ್ ಹಂಚಿಕೆಯನ್ನು ಆಧಾರವಾಗಿಟ್ಟುಕೊಂಡು ತನ್ನದೇ ವ್ಯವಸ್ಥೆಯನ್ನು ಅಣಿಗೊಳಿಸುತ್ತದೆ. 2019ರಲ್ಲಿ ಹೊರಬಂದ ಅದರ ಆವೃತ್ತಿಯು ಉಬುಂಟು 18.04ನ್ನು ಆಧರಿಸಿತ್ತು. ಒಂದು ಶಾಲೆಯ ಪ್ರಯೋಗಶಾಲೆಯಲ್ಲಿ ಒಂದೇ ಮಾದರಿಯ ಇಪ್ಪತ್ತು ಗಣಕಗಳಿವೆಯೆಂದು ಎಣಿಸಿರಿ. ಡ್ರೈವರಿನ ದೋಷವು ಒಂದಕ್ಕೆ ತಗುಲಿದರೆ ಇಪ್ಪತ್ತಕ್ಕೂ ತಗುಲುವುದು. ಡ್ರೈವರನ್ನು ತಡೆದುದರ ಹಿನ್ನಡೆಯೂ ಇಪ್ಪತ್ತಕ್ಕೂ ಒಮ್ಮೆಲೇ ಆಗುವುದು. ಆದಕಾರಣ ಈ ವಿಷಯದಲ್ಲಿ ನಡೆದುಹೋದ ಮೂರು ಪ್ರಸಂಗಗಳನ್ನು ಅರಿತಿರುವುದು ಒಳ್ಳೆಯದು.

ಮೊದಲನೆಯ ಪ್ರಸಂಗ: ನಿರಪರಾಧಿಗೆ ಸೆರೆ

2008ರ ಸೆಪ್ಟೆಂಬರಿನಲ್ಲಿ, 2.6.27 ಎಂಬ ಲಿನಕ್ಸ್ ಕರ್ನೆಲ್ಲಿನ ಪರೀಕ್ಷಾರೂಪವನ್ನು ಬಳಸುತ್ತಿದ್ದ ಕೆಲವರ ಗಣಕಗಳು ಜಾಲಸಂಪರ್ಕವನ್ನು ಕಳೆದುಕೊಂಡುವು. ಇಂಟೆಲ್ ಕಂಪೆನಿಯ ಕೆಲವು ಜಾಲದ ಚಿಪ್ಪುಗಳಲ್ಲಿ ಅವುಗಳ ವಿಳಾಸ ಮತ್ತು ವಿನ್ಯಾಸಗಳನ್ನು ಬರೆದಿಟ್ಟಿರುವ ಅಳಿಯದ ಸ್ಮೃತಿಯೊಂದಿದೆ. ಅದರೊಳಗಿನ ಬರಹವೇ ಹಾಳಾಗಿತ್ತು. ಯಂತ್ರವನ್ನು ಆರಿಸಿ ಹೊತ್ತಿಸಿದರೂ, ಹಳೆಯ ಕರ್ನೆಲ್ಲಿಗೆ ಮರಳಿದರೂ ಕಾರ್ಡು ಎಚ್ಚರಗೊಳ್ಳಲಿಲ್ಲ. ಆ ಚಿಪ್ಪುಗಳ ಡ್ರೈವರಿನ ಹೆಸರು 'ಇ1000ಇ'. ಸಂದೇಹವು ಸಹಜವಾಗಿಯೇ ಅದರ ಮೇಲೆ ಬಿದ್ದಿತು. ಉಬುಂಟುವಿನ 8.10ನೆಯ ಆವೃತ್ತಿಯ ಪರೀಕ್ಷಾರೂಪದಲ್ಲಿ ಅದನ್ನು ತಡೆಹಿಡಿಯಲಾಯಿತು.

ತಡೆದುದರ ಬೆಲೆ ಸಣ್ಣದಲ್ಲ. ಆ ಚಿಪ್ಪುಳ್ಳ ಯಂತ್ರಗಳಿಗೆಲ್ಲ ತಂತಿಯ ಜಾಲಸಂಪರ್ಕವೇ ಇಲ್ಲವಾಯಿತು. ಆದರೂ ಅದು ಸರಿಯಾದ ನಿರ್ಣಯವೇ ಆಗಿತ್ತು. ಏಕೆಂದರೆ ಸಂಪರ್ಕವಿಲ್ಲದ ಕಾರ್ಡಿಗೆ ನಾಳೆ ಸಂಪರ್ಕ ಕೊಡಬಹುದು. ಬರಹವಳಿದ ಕಾರ್ಡನ್ನು ಬದುಕಿಸುವುದು ಸಾಮಾನ್ಯ ಬಳಕೆದಾರನ ಕೈಯಲ್ಲಿಲ್ಲ.

ಮುಂದೆ ತಿಳಿದುಬಂದ ಸಂಗತಿಯು ಸ್ವಾರಸ್ಯವುಳ್ಳದ್ದು. ದೋಷವು ಡ್ರೈವರಿನದಾಗಿರಲಿಲ್ಲ! ಕರ್ನೆಲ್ಲಿನೊಳಗಿನ ಕಾರ್ಯಗಳ ಜಾಡು ಹಿಡಿಯಲೆಂದು ಹೊಸದಾಗಿ ಸೇರಿಸಿದ್ದ 'ಎಫ್‌ಟ್ರೇಸ್' ಎಂಬ ಸಾಧನದಲ್ಲಿ ಅದು ಅಡಗಿತ್ತು. ಕರ್ನೆಲ್ಲಿನ ಕಾರ್ಯಗಳಿರುವ ಸ್ಥಳಗಳನ್ನು ಎಫ್‌ಟ್ರೇಸ್ ಗುರುತಿಟ್ಟುಕೊಂಡು, ಬೇಕಾದಾಗ ಆ ಸ್ಥಳಗಳಲ್ಲಿ ಹೊಸ ಸೂಚನೆಯನ್ನು ಬರೆಯುತ್ತಿತ್ತು. ಆದರೆ ಕೆಲವು ಕಾರ್ಯಗಳು ಆರಂಭದಲ್ಲೊಮ್ಮೆ ನಡೆದು ಮುಗಿಯುವಂಥವು. ಮುಗಿದ ಮೇಲೆ ಅವುಗಳ ಸ್ಥಳವನ್ನು ತೆರವು ಮಾಡಿ ಬೇರೆಯವರಿಗೆ ಕೊಡಲಾಗುತ್ತದೆ. ಹಾಗೆ ತೆರವಾದ ವಿಳಾಸಕ್ಕೆ ಜಾಲದ ಕಾರ್ಡಿನ ಸ್ಮೃತಿಯ ನಿಯಂತ್ರಣವು ಬಂದು ಕೂತಿತ್ತು. ಹಳೆಯ ಬಾಡಿಗೆದಾರನು ಇನ್ನೂ ಅಲ್ಲಿಯೇ ಇದ್ದಾನೆಂದು ತಿಳಿದ ಎಫ್‌ಟ್ರೇಸ್ ಅದೇ ವಿಳಾಸಕ್ಕೆ ಬರೆಯಿತು. ಬರಹವು ಹೋಗಿ ಬಿದ್ದದ್ದು ಹೊಸ ಬಾಡಿಗೆದಾರನ ಮೇಲೆ. 2008ರ ಅಕ್ಟೋಬರ್ 9ರಂದು 2.6.27 ಪ್ರಕಟವಾಯಿತು, ಕೆಲವೇ ದಿನಗಳಲ್ಲಿ ಬಂದ 2.6.27.1ರಲ್ಲಿ ಎಫ್‌ಟ್ರೇಸಿನ ಆ ಭಾಗವನ್ನು ತಡೆಹಿಡಿದರು. ಇತ್ತ ಡ್ರೈವರಿಗೆ, ಅದರ ಸ್ಮೃತಿಯ ಮೇಲೆ ಯಾರೂ ಬರೆಯಲಾಗದಂತೆ ಬೀಗ ಹಾಕುವ ಏರ್ಪಾಡನ್ನು ಮಾಡಿ ಅದನ್ನು ಮರಳಿ ಬಳಕೆಗೆ ತಂದರು.

ಈ ಪ್ರಸಂಗದಿಂದ ತಿಳಿಯುವುದೇನು? ತಡೆಹಿಡಿಯುವುದು ತೀರ್ಪಲ್ಲ, ಮುನ್ನೆಚ್ಚರಿಕೆ. ಡ್ರೈವರನ್ನು ತಡೆದೊಡನೆ ಹಾನಿ ನಿಂತಿತೆಂದು ಅದನ್ನೇ ಅಪರಾಧಿಯೆಂದು ಬಗೆದು ವಿಚಾರಣೆಯನ್ನು ಮುಗಿಸಿದ್ದರೆ ನಿಜವಾದ ದೋಷವು ಕರ್ನೆಲ್ಲಿನಲ್ಲಿಯೇ ಉಳಿದು, ಮುಂದೊಂದು ದಿನ ಬೇರೆ ಯಾವುದೋ ಉಪಕರಣವನ್ನು ಕೆಡಿಸುತ್ತಿತ್ತು.

ಎರಡನೆಯ ಪ್ರಸಂಗ: ತಡೆದರೂ ವಾಸಿಯಾಗದ ಗಾಯ

ಉಬುಂಟುವಿನ 17.10ನೆಯ ಆವೃತ್ತಿ 2017ರ ಅಕ್ಟೋಬರ್ 19ರಂದು ಹೊರಬಂದಿತು. ಕೆಲವು ವಾರಗಳಲ್ಲಿಯೇ ಲೆನೊವೊ ಕಂಪೆನಿಯ ಹಲವು ಮಾದರಿಯ ಲ್ಯಾಪ್‌ಟಾಪುಗಳನ್ನು ಬಳಸುವವರಿಂದ ದೂರುಗಳು ಬರತೊಡಗಿದುವು. ಯಂತ್ರವನ್ನು ಹೊತ್ತಿಸಿದಾಗ ಎಲ್ಲಕ್ಕಿಂತ ಮೊದಲು ಎಚ್ಚರಗೊಳ್ಳುವ 'ಬಯಾಸ್' ಎಂಬ ಮೂಲ ತಂತ್ರಾಂಶದಲ್ಲಿ ಏನನ್ನು ಬದಲಿಸಿದರೂ ಅದು ಉಳಿಯುತ್ತಿರಲಿಲ್ಲ. ಆರಿಸಿ ಹೊತ್ತಿಸಿದರೆ ಮತ್ತೆ ಮೊದಲಿನಂತೆಯೇ. ಕೆಲವರಿಗೆ ಯುಎಸ್‌ಬಿ ಕಡ್ಡಿಯಿಂದ ಯಂತ್ರವನ್ನು ಎಬ್ಬಿಸುವುದೂ ಅಸಾಧ್ಯವಾಯಿತು. ಎಂದರೆ ಬೇರೊಂದು ವ್ಯವಸ್ಥೆಯನ್ನು ಸ್ಥಾಪಿಸಿಕೊಳ್ಳುವ ಬಾಗಿಲೂ ಮುಚ್ಚಿದಂತಾಯಿತು.

ಬಯಾಸ್ ಇರುವುದು ಮುಖ್ಯಫಲಕದ ಮೇಲಿನ ಒಂದು ಚಿಕ್ಕ ಫ್ಲ್ಯಾಶ್ ಚಿಪ್ಪಿನಲ್ಲಿ. ಆ ಚಿಪ್ಪಿನೊಡನೆ ಮಾತಾಡಲು 'ಇಂಟೆಲ್ ಎಸ್‌ಪಿಐ' ಎಂಬ ಡ್ರೈವರಿದೆ. ಅರಿಯದವರು ಇದನ್ನು ಬಳಸಬಾರದು, ತಪ್ಪಿ ಬರೆದರೆ ಯಂತ್ರವೇ ಏಳದಂತಾಗಬಹುದು ಎಂಬ ಎಚ್ಚರಿಕೆಯು ಕರ್ನೆಲ್ಲಿನಲ್ಲಿ ಈ ಡ್ರೈವರಿನ ವಿವರಣೆಯ ಜೊತೆಗೇ ಇದ್ದಿತು. ಆದರೂ ಅದು ಸಾಮಾನ್ಯರ ಆವೃತ್ತಿಯೊಳಗೆ ಸೇರಿಕೊಂಡಿತ್ತು. ಅದರಲ್ಲಿದ್ದ ಒಂದು ತಪ್ಪಿನಿಂದಾಗಿ, ಚಿಪ್ಪಿಗೆ ಆದೇಶ ಕೊಡುವಾಗ ಚಿಪ್ಪಿನ ಸ್ಥಿತಿಯನ್ನು ತಿಳಿಸುವ ರಿಜಿಸ್ಟರು ಕೆಟ್ಟು, ಇಡೀ ಚಿಪ್ಪಿಗೆ 'ಇಲ್ಲಿ ಬರೆಯಕೂಡದು' ಎಂಬ ಬೀಗ ಬಿದ್ದುಬಿಡುತ್ತಿತ್ತು.

ಉಬುಂಟುವಿನವರು 2017ರ ಡಿಸೆಂಬರಿನಲ್ಲಿ ಆ ಆವೃತ್ತಿಯನ್ನು ಯಾರೂ ಇಳಿಸಿಕೊಳ್ಳದಂತೆ ಕೇಳಿಕೊಂಡರು. ಡ್ರೈವರನ್ನು ಬಿಟ್ಟು ಕರ್ನೆಲ್ಲನ್ನು ಹೊಸದಾಗಿ ಕಟ್ಟಿದರು. 2018ರ ಜನವರಿ 12ರಂದು ಸರಿಪಡಿಸಿದ ಆವೃತ್ತಿಯನ್ನು ಮತ್ತೆ ಪ್ರಕಟಿಸಿದರು. ಈ ಸಲ ತೂಗುವುದು ಸುಲಭವಾಗಿತ್ತು. ಚಿಪ್ಪಿನೊಳಗನ್ನು ಕರ್ನೆಲ್ಲಿನ ಮೂಲಕ ಓದಿ ಬರೆಯಬೇಕಾದವರು ಬೆರಳೆಣಿಕೆಯ ಪರಿಣತರು. ಉಳಿದವರಿಗೆ ಈ ಡ್ರೈವರು ಇದ್ದರೂ ಇಲ್ಲದಿದ್ದರೂ ಒಂದೇ. ಆದುದರಿಂದ ಹಿನ್ನಡೆಯು ಹೆಚ್ಚುಕಡಿಮೆ ಇರಲೇ ಇಲ್ಲ.

ಆದರೆ ಇನ್ನೊಂದು ತೊಡಕು ಎದುರಾಯಿತು. ಡ್ರೈವರನ್ನು ತಡೆದುದರಿಂದ ಹೊಸಬರು ಪಾರಾದರು, ನಿಜ; ಆಗಲೇ ಬೀಗ ಬಿದ್ದಿದ್ದ ಯಂತ್ರಗಳ ಪಾಡೇನು? ಡ್ರೈವರಿಲ್ಲದ ಕರ್ನೆಲ್ಲು ಆ ಬೀಗವನ್ನು ಮುಟ್ಟುವುದೇ ಇಲ್ಲ. ಅದನ್ನು ತೆರೆಯಲು ಬೇಕಾದದ್ದು ಅದೇ ಡ್ರೈವರು, ದೋಷವನ್ನು ತಿದ್ದಿದ ಡ್ರೈವರು. ಅದಿದ್ದ ಹೊಸ ಕರ್ನೆಲ್ಲಿನಿಂದ ಯಂತ್ರವನ್ನು ಒಮ್ಮೆ ಎಬ್ಬಿಸಿದರೆ ಅದು ಚಿಪ್ಪಿನ ಬೀಗವನ್ನು ತೆಗೆಯುತ್ತಿತ್ತು. ಬಳಿಕ ಮತ್ತೆ ಎಬ್ಬಿಸಿ ಬಯಾಸಿನೊಳಗೆ ಹೋದರೆ ಬದಲಾವಣೆಗಳು ಉಳಿಯುತ್ತಿದ್ದುವು. ಸೋಂಕನ್ನು ತಡೆಯಲು ಊರ ಬಾಗಿಲು ಹಾಕಿದ್ದು ಸರಿಯೆ. ಆದರೆ ಈಗಾಗಲೇ ಮಲಗಿದವರಿಗೆ ಮದ್ದನ್ನು ಬೇರೆಯಾಗಿಯೇ ಕೊಡಬೇಕು. ತಡೆಯೆಂಬುದು ಮುಂದಾಗುವ ಹಾನಿಯನ್ನು ನಿಲ್ಲಿಸುತ್ತದೆ, ಆದ ಹಾನಿಯನ್ನು ತುಂಬುವುದಿಲ್ಲ.

ಅನಂತರದ 18.04ನೆಯ ಆವೃತ್ತಿಯು 2018ರ ಏಪ್ರಿಲಿನಲ್ಲಿ ಹೊರಬಂದಿತು. ಮೇಲೆ ಹೇಳಿದ ಶಾಲೆಗಳ ವ್ಯವಸ್ಥೆಗೆ ಆಧಾರವಾದುದು ಇದೇ. ಹೊಚ್ಚ ಹೊಸ ಆವೃತ್ತಿಗೆ ಮುಗಿಬೀಳದೆ, ಬಹುಕಾಲ ಪೋಷಣೆ ದೊರೆಯುವ ಆವೃತ್ತಿಯನ್ನು ಶಾಲೆಗಳಂಥ ಸ್ಥಳಗಳಿಗೆ ಆರಿಸಿಕೊಳ್ಳುವುದರ ಹಿಂದಿನ ವಿವೇಕ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಮೂರನೆಯ ಪ್ರಸಂಗ: ತಡೆಯೇ ತಂದ ತೊಡಕು

ಮೂರನೆಯದು ಇನ್ನೂ ಇತ್ತೀಚಿನದು. ರಹಸ್ಯದ ಕೀಲಿಗಳನ್ನು ಕಾಯಲು ಗಣಕಗಳಲ್ಲಿ 'ಟಿಪಿಎಂ' ಎಂಬ ಏರ್ಪಾಡಿದೆ. ಎಎಂಡಿ ಕಂಪೆನಿಯ ಸಂಸ್ಕಾರಕಗಳುಳ್ಳ ಅನೇಕ ಯಂತ್ರಗಳಲ್ಲಿ ಅದು ಪ್ರತ್ಯೇಕ ಚಿಪ್ಪಲ್ಲ, ಫರ್ಮ್‌ವೇರಿನ ಒಂದು ಭಾಗ. ಅದು ಆಗಾಗ ಫ್ಲ್ಯಾಶ್ ಚಿಪ್ಪನ್ನು ತಡಕುವಾಗ ಇಡೀ ಯಂತ್ರವೇ ಕ್ಷಣಕಾಲ ಮುಗ್ಗರಿಸಿ ನಿಲ್ಲುತ್ತದೆಯೆಂದು 2022ರ ಮಾರ್ಚಿನಲ್ಲಿ ಎಎಂಡಿಯೇ ತಿಳಿಸಿತು. ಟಿಪಿಎಂ ಯಾದೃಚ್ಛಿಕ ಸಂಖ್ಯೆಗಳನ್ನೂ, ಎಂದರೆ ಕವಡೆ ಎಸೆದಂತೆ ಊಹೆಗೆ ನಿಲುಕದ ಸಂಖ್ಯೆಗಳನ್ನೂ ಕೊಡಬಲ್ಲುದು. 2022ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 6.1 ಈ ಸಂಖ್ಯೆಗಳನ್ನು ತಾನಾಗಿ ಮತ್ತೆ ಮತ್ತೆ ಕೇಳತೊಡಗಿತು, ಮುಗ್ಗರಿಸುವುದೂ ಹೆಚ್ಚಿತು.

2023ರ ಆರಂಭದಲ್ಲಿ, ಹಳೆಯ ಫರ್ಮ್‌ವೇರುಳ್ಳ ಯಂತ್ರಗಳಲ್ಲಿ ಮಾತ್ರ ಈ ಸಂಖ್ಯಾಮೂಲವನ್ನು ತಡೆದರು. ಹೊಸ ಫರ್ಮ್‌ವೇರಿನಲ್ಲಿಯೂ ತೊಂದರೆಯಿದೆಯೆಂಬ ದೂರುಗಳು ಬಂದುವು. ಇದನ್ನು ಪೂರ್ತಿಯಾಗಿಯೇ ನಿಲ್ಲಿಸುವುದು ಲೇಸೆಂದು ಟೋರ್ವಾಲ್ಡ್ಸ್ ಅಭಿಪ್ರಾಯಪಟ್ಟರು. ಸಂಖ್ಯೆಗಳಿಗೆ ಬೇರೆ ಮೂಲಗಳು ಬೇಕಾದಷ್ಟಿದ್ದುದರಿಂದ ನಷ್ಟವು ಅಲ್ಪವಾಗಿತ್ತು. 2023ರ ಆಗಸ್ಟಿನಲ್ಲಿ ಎಎಂಡಿಯ ಇಂಥ ಟಿಪಿಎಂಗಳೆಲ್ಲಕ್ಕೂ ತಡೆ ಬಿದ್ದಿತು.

ಇಷ್ಟರಿಂದ ಕಥೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಎಎಂಡಿಯದನ್ನು ಮಾತ್ರ ತಡೆಯಬೇಕಾದರೆ ಮೊದಲು 'ನಿನ್ನನ್ನು ಮಾಡಿದವರು ಯಾರು?' ಎಂದು ಒಂದೊಂದು ಟಿಪಿಎಂಅನ್ನೂ ಕೇಳಬೇಕಷ್ಟೆ. ಹೊಸ ತಡೆಯು ಹಾಗೆಯೇ ಕೇಳುತ್ತಿತ್ತು. ಇಂಟೆಲ್ ಕಂಪೆನಿಯ ಕೆಲವು ಟಿಪಿಎಂಗಳು ಯಂತ್ರವು ಏಳುವ ಆ ಹೊತ್ತಿನಲ್ಲಿ ಸರಿಯಾದ ಉತ್ತರ ಕೊಡಲಿಲ್ಲ. ಉತ್ತರವಿಲ್ಲವೆಂದು ಕರ್ನೆಲ್ಲು ಆ ಟಿಪಿಎಂಅನ್ನೇ ಕೈಬಿಟ್ಟಿತು. ಎಎಂಡಿಯ ಯಂತ್ರದ ಕೆಮ್ಮಿಗೆ ಕೊಟ್ಟ ಮದ್ದಿನಿಂದ, ಏನೂ ತಪ್ಪು ಮಾಡದ ಇಂಟೆಲ್ ಯಂತ್ರಗಳ ಟಿಪಿಎಂ ನಿಂತುಹೋಯಿತು! ಅದೇ ತಿಂಗಳಲ್ಲಿ ಇದನ್ನು ತಿದ್ದಿದರು. ಟಿಪಿಎಂಅನ್ನು ಕೇಳುವುದನ್ನು ಬಿಟ್ಟು, ಸಂಸ್ಕಾರಕವು ಯಾವ ಕಂಪೆನಿಯದು ಎಂಬುದನ್ನಷ್ಟೇ ನೋಡಿದರು. ಇದನ್ನು ತಿಳಿಯಲು ಅನುಮಾನವುಳ್ಳ ಉಪಕರಣವನ್ನು ಮುಟ್ಟಲೇಬೇಕಾಗಿಲ್ಲ. ತಡೆಯ ಪರೀಕ್ಷೆಯೂ ಒಂದು ಕೆಲಸವೇ, ಅದೂ ಕೆಡಬಹುದು ಎಂಬುದು ಇಲ್ಲಿಯ ಪಾಠ.

ತಡೆಯಲ್ಲಿ ಮೂರು ಬಗೆ

ಮೇಲಣ ಪ್ರಸಂಗಗಳನ್ನು ನೋಡಿದರೆ ತಡೆಯುವುದರಲ್ಲಿಯೂ ಅಂತರಗಳಿರುವುದು ಗೊತ್ತಾಗುತ್ತದೆ. ಕರ್ನೆಲ್ಲನ್ನು ಕಟ್ಟುವಾಗಲೇ ಡ್ರೈವರನ್ನು ಬಿಟ್ಟುಬಿಡುವುದು ಮೊದಲನೆಯ ಬಗೆ. ಇದು ಅತ್ಯಂತ ಭದ್ರ. ಆದರೆ ಬೇಕಾದವನಿಗೂ ಡ್ರೈವರು ಸಿಕ್ಕುವುದಿಲ್ಲ. ಡ್ರೈವರನ್ನು ಇಟ್ಟುಕೊಂಡು, ಅದು ತಾನಾಗಿ ಏಳದಂತೆ ನಿಷೇಧದ ಪಟ್ಟಿಯಲ್ಲಿ ಅದರ ಹೆಸರು ಬರೆಯುವುದು ಎರಡನೆಯ ಬಗೆ. ಬೇಕಾದವನು ತನ್ನ ಹೊಣೆಯ ಮೇಲೆ ಅದನ್ನು ಕರೆಯಬಹುದು. ಡ್ರೈವರು ಎಂದಿನಂತೆ ನಡೆಯುತ್ತ, ತೊಂದರೆ ಕಂಡ ಮಾದರಿಗಳನ್ನು ಮಾತ್ರ ಗುರುತು ಹಿಡಿದು ಮುಟ್ಟದಿರುವುದು ಮೂರನೆಯ ಬಗೆ. ಇದರಲ್ಲಿ ಹಿನ್ನಡೆ ಅತ್ಯಲ್ಪ. ಆದರೆ ಮಾದರಿಗಳ ಪಟ್ಟಿಯನ್ನು ಯಾರಾದರೂ ಎಡೆಬಿಡದೆ ನೋಡಿಕೊಳ್ಳಬೇಕು, ಗುರುತು ಹಿಡಿಯುವ ವಿಧಾನವೂ ಸರಿಯಾಗಿರಬೇಕು.

ಹಾನಿಯು ಉಳಿಯುವಂಥದಾಗಿ, ಕಾರಣವು ಇನ್ನೂ ತಿಳಿಯದಿದ್ದರೆ ಮೊದಲನೆಯ ಬಗೆಯೇ ತಕ್ಕದ್ದು. ಕಾರಣ ತಿಳಿಯುತ್ತ ಬಂದಂತೆ ತಡೆಯನ್ನು ಕಿರಿದು ಮಾಡುತ್ತ ಮೂರನೆಯ ಬಗೆಗೆ ಬರಬೇಕು. ದೋಷವು ತಿದ್ದಿದ ಮೇಲೆ ತಡೆಯನ್ನು ಪೂರ್ಣವಾಗಿ ತೆಗೆಯಬೇಕು. ಕಡೆಯ ಹೆಜ್ಜೆಯನ್ನು ಮರೆಯುವುದೇ ಹೆಚ್ಚು. ರಸ್ತೆ ದುರಸ್ತಿಯಾಗಿ ವರ್ಷ ಕಳೆದರೂ ಅಡ್ಡಗಟ್ಟೆ ನಿಂತಿರುವುದನ್ನು ನಾವು ಎಷ್ಟು ಕಡೆ ನೋಡಿಲ್ಲ!

ಕಾರಣವನ್ನು ಹುಡುಕುವ ಬಗೆ

ಕರ್ನೆಲ್ಲಿನ ಒಂದು ಆವೃತ್ತಿಗೂ ಮುಂದಿನ ಆವೃತ್ತಿಗೂ ನಡುವೆ ಹತ್ತು ಸಾವಿರಕ್ಕೂ ಮಿಕ್ಕಿ ಬದಲಾವಣೆಗಳಾಗಿರುತ್ತವೆ. ಇವುಗಳಲ್ಲಿ ಕೆಡಿಸಿದ್ದು ಯಾವುದು? ಒಂದೊಂದನ್ನೇ ಪರೀಕ್ಷಿಸುತ್ತ ಕೂತರೆ ಆಯುಷ್ಯ ಸಾಲದು. ಇದಕ್ಕೊಂದು ಸುಲಭೋಪಾಯವಿದೆ. ಮಂಗಳೂರಿನ ಬಾಸೆಲ್ ಮಿಶನ್ನಿನವರು 1894ರಲ್ಲಿ ಪ್ರಕಟಿಸಿದ ಕಿಟ್ಟೆಲರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಬೇಕಾದ ಶಬ್ದವನ್ನು ಹುಡುಕಲು ನಾವು ಮೊದಲ ಪುಟದಿಂದ ತೊಡಗುವುದಿಲ್ಲ. ನಡುವೆ ತೆರೆದು, ಅದು ಹಿಂದಿದೆಯೋ ಮುಂದಿದೆಯೋ ನೋಡಿ, ಉಳಿದರ್ಧವನ್ನು ಬಿಟ್ಟು, ಮತ್ತೆ ನಡುವೆ ತೆರೆಯುತ್ತೇವೆ. ಹೀಗೆ ಮಾಡಿದರೆ ಹೆಚ್ಚೆಂದರೆ 17 ಸಲದಲ್ಲಿ ಶಬ್ದ ಸಿಕ್ಕಲೇಬೇಕು.

ಬದಲಾವಣೆಗಳ ಸಾಲಿಗೂ ಇದೇ ಉಪಾಯ. ಸರಿಯಾಗಿದ್ದ ಹಳೆಯದೊಂದು, ಕೆಟ್ಟಿರುವ ಹೊಸದೊಂದು, ಇವೆರಡರ ನಡುವಿನ ಕರ್ನೆಲ್ಲನ್ನು ಕಟ್ಟಿ ನೋಡುವುದು. ಸರಿಯಿದ್ದರೆ ದೋಷವು ಅದರ ಮುಂದಿದೆ, ಕೆಟ್ಟಿದ್ದರೆ ಹಿಂದಿದೆ. 16,000 ಬದಲಾವಣೆಗಳಿದ್ದರೂ 14 ಪರೀಕ್ಷೆಗಳಲ್ಲಿ ಒಂದೇ ಒಂದು ಉಳಿಯುವುದು. ಟೋರ್ವಾಲ್ಡ್ಸ್ 2005ರಲ್ಲಿ ರೂಪಿಸಿದ 'ಗಿಟ್' ಎಂಬ ಸಾಧನದಲ್ಲಿ ಈ ಇಬ್ಭಾಗ ಪರೀಕ್ಷೆಗೆ ಸಿದ್ಧ ಏರ್ಪಾಡೇ ಇದೆ. ಮೂಲ ಬರಹವು ಎಲ್ಲರಿಗೂ ತೆರೆದಿರುವುದರಿಂದ ಕಂಪೆನಿಯ ನೌಕರನಲ್ಲದ ಸಾಮಾನ್ಯ ಬಳಕೆದಾರನೂ ಇದನ್ನು ಮಾಡಬಹುದು. ಮುಕ್ತ ತಂತ್ರಾಂಶದ ದೊಡ್ಡ ಲಾಭವೇ ಇದು.

ಎರಡು ಎಚ್ಚರಿಕೆಗಳು ಮಾತ್ರ ಅವಶ್ಯ. ಮೊದಲನೆಯದು, ದೋಷವು ಆಗೊಮ್ಮೆ ಈಗೊಮ್ಮೆ ಕಾಣುವಂಥದಾದರೆ ಒಂದೇ ಸಲದ ಪರೀಕ್ಷೆಯನ್ನು ನಂಬಬಾರದು. ಎರಡು ಸಲಕ್ಕೊಮ್ಮೆ ತೋರುವ ದೋಷವು ಮೂರು ಸಲವೂ ತೋರದೆ ಇರುವ ಸಂಭವವು ಎಂಟರಲ್ಲಿ ಒಂದರಷ್ಟಿದೆ. ಹತ್ತು ಸಲ ನೋಡಿದರೆ ಸಾವಿರದಲ್ಲಿ ಒಂದರಷ್ಟಕ್ಕೆ ಇಳಿಯುವುದು. ಒಂದು ತಪ್ಪುತ್ತರದಿಂದ ಮುಂದಿನ ಹುಡುಕಾಟವೆಲ್ಲ ಅಡ್ಡದಾರಿ ಹಿಡಿಯುವುದು. ಎರಡನೆಯದು, ಹಾನಿಯು ಉಳಿಯುವಂಥದಾದರೆ ಈ ಪರೀಕ್ಷೆಯನ್ನು ನೆಚ್ಚಿದ ಯಂತ್ರದ ಮೇಲೆ ಮಾಡಲೇಬಾರದು. 2008ರ ಪ್ರಸಂಗದಲ್ಲಿ ಒಂದೊಂದು ಪರೀಕ್ಷೆಯೂ ಒಂದೊಂದು ಕಾರ್ಡನ್ನು ಬಲಿ ತೆಗೆದುಕೊಳ್ಳಬಹುದಾಗಿತ್ತು.

ಬಳಸುವವರು ಮಾಡಬೇಕಾದುದು

ತಂತ್ರಾಂಶವನ್ನು ಹೊಸದು ಮಾಡಿದ ಮರುದಿನ ಒಂದು ಉಪಕರಣವು ಕೆಲಸ ಮಾಡದಾಯಿತೆನ್ನೋಣ. ಶಾಲೆಯ ಅಧ್ಯಾಪಕರಾಗಲಿ, ಮನೆಯಲ್ಲಿ ಲಿನಕ್ಸ್ ಬಳಸುವವರಾಗಲಿ ಮೊದಲು ಮಾಡಬೇಕಾದುದು ಹಿಂದಿನ ಕರ್ನೆಲ್ಲಿನಿಂದ ಯಂತ್ರವನ್ನು ಎಬ್ಬಿಸಿ ನೋಡುವುದು. ಉಬುಂಟುವಿನಂಥ ಹಂಚಿಕೆಗಳು ಹಳೆಯ ಕರ್ನೆಲ್ಲನ್ನು ಕೂಡಲೇ ಅಳಿಸದೆ ಆರಂಭದ ಪಟ್ಟಿಯಲ್ಲಿ ಉಳಿಸಿಕೊಂಡಿರುತ್ತವೆ. ಹಳೆಯದರಲ್ಲಿ ಉಪಕರಣವು ನಡೆದರೆ ಕಾರಣವು ಹೊಸದರಲ್ಲಿದೆ. ಅದರಲ್ಲಿಯೂ ನಡೆಯದಿದ್ದರೆ ತಂತಿ ಸಡಿಲವಾಗಿರಬಹುದು, ಉಪಕರಣವೇ ಕೆಟ್ಟಿರಬಹುದು, ಇಲ್ಲವೆ ಉಳಿಯುವಂಥ ಹಾನಿಯಾಗಿರಬಹುದು.

ಎರಡನೆಯದಾಗಿ, ಇದು ಆಕಸ್ಮಿಕವೋ ಬೇಕೆಂದೇ ಹಾಕಿದ ತಡೆಯೋ ಎಂಬುದನ್ನು ವಿಚಾರಿಸಬೇಕು. ತಡೆಯಾಗಿದ್ದರೆ ಅದನ್ನು ಯಾರು, ಎಂದು, ಏತಕ್ಕಾಗಿ ಹಾಕಿದರೆಂಬುದು ಆ ಬದಲಾವಣೆಯ ಟಿಪ್ಪಣಿಯಲ್ಲಿ ಬರೆದಿರುತ್ತದೆ. ಅದನ್ನು ಓದದೆ, ಬಲ್ಲವರಾರೋ ಹೇಳಿದ ಒಂದು ಸಾಲನ್ನು ಟೈಪು ಮಾಡಿ ತಡೆಯನ್ನು ಮುರಿಯುವುದು ಅಪಾಯಕರ. ಅಳಿಯದ ಸ್ಮೃತಿಯನ್ನು ಮುಟ್ಟುವ ಡ್ರೈವರಿನ ತಡೆಯನ್ನಂತೂ ಮುರಿಯಲೇಕೂಡದು.

ಮೂರನೆಯದಾಗಿ, ದೂರನ್ನು ಬರೆಯಬೇಕು. 'ನನ್ನ ಯಂತ್ರ ಕೆಟ್ಟಿದೆ' ಎಂದರೆ ಯಾರಿಗೂ ಉಪಯೋಗವಿಲ್ಲ. ಯಂತ್ರದ ಮಾದರಿ, ಉಪಕರಣದ ಗುರುತುಸಂಖ್ಯೆ, ಕೆಲಸ ಮಾಡುತ್ತಿದ್ದ ಕಡೆಯ ಕರ್ನೆಲ್ಲಿನ ಸಂಖ್ಯೆ, ಕೆಲಸ ಮಾಡದ ಮೊದಲ ಕರ್ನೆಲ್ಲಿನ ಸಂಖ್ಯೆ, ಯಂತ್ರವು ಏಳುವಾಗ ಬರೆದುಕೊಂಡ ದಿನಚರಿ ಇವಿಷ್ಟಿದ್ದರೆ ಸಾಕು. ಇಂಥ ದೂರುಗಳೇ ಇಲ್ಲದಿದ್ದರೆ, ಎಎಂಡಿಯ ತಡೆಯಿಂದ ಇಂಟೆಲ್ ಯಂತ್ರಕ್ಕೆ ತೊಂದರೆಯಾಯಿತೆಂದು ಯಾರಿಗೆ ಹೊಳೆಯಬೇಕು?

ಕಡೆಯದಾಗಿ, ದೋಷವನ್ನು ತಿದ್ದಿದ ಆವೃತ್ತಿಯು ಬಂದಾಗ, ನಡುವೆ ತಾವು ಮಾಡಿಕೊಂಡ ತಾತ್ಕಾಲಿಕ ಏರ್ಪಾಡುಗಳನ್ನು ನೆನಪಿನಿಂದ ತೆಗೆಯಬೇಕು. ಹಳೆಯ ಕರ್ನೆಲ್ಲಿಗೆ ಅಂಟಿಕೊಂಡು ಕೂತವರಿಗೆ ಭದ್ರತೆಯ ತಿದ್ದುಪಡಿಗಳು ತಪ್ಪಿಹೋಗುತ್ತವೆ. ಇಪ್ಪತ್ತು ಗಣಕಗಳ ಶಾಲೆಯಲ್ಲಿ ಹೊಸ ಆವೃತ್ತಿಯನ್ನು ಮೊದಲು ಒಂದಕ್ಕೆ ಮಾತ್ರ ಹಾಕಿ, ಒಂದು ವಾರ ಬಳಸಿ ನೋಡಿ, ಬಳಿಕ ಉಳಿದವಕ್ಕೆ ಹಾಕುವುದು ಎಲ್ಲಕ್ಕಿಂತ ಅಗ್ಗವಾದ ವಿಮೆ.

ದೋಷವಿಲ್ಲದ ತಂತ್ರಾಂಶವನ್ನು ಮನುಷ್ಯನು ಇನ್ನೂ ಮಾಡಿಲ್ಲ. ಆದುದರಿಂದ ತಡೆಗಳು ಇದ್ದೇ ಇರುತ್ತವೆ. ತಡೆಯುವುದು ಪ್ರಥಮ ಚಿಕಿತ್ಸೆ. ರಕ್ತ ನಿಲ್ಲಿಸಲು ಬಿಗಿದ ಪಟ್ಟಿಯನ್ನು ಬಿಚ್ಚದೆ ಬಿಟ್ಟರೆ ಕೈಯೇ ಹೋಗುವುದೆಂಬುದನ್ನು ಪಟ್ಟಿ ಕಟ್ಟುವವನು ಬಲ್ಲನು. ಏತಕ್ಕಾಗಿ ತಡೆದೆವು, ಅದರಿಂದ ಯಾರ ಕೆಲಸ ನಿಂತಿತು, ಅವರಿಗೆ ಬೇರೆ ದಾರಿ ಯಾವುದು, ತಡೆಯನ್ನು ತೆಗೆಯುವುದು ಎಂದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ತಡೆಯುವ ದಿನವೇ ಬರೆದಿಡುವ ಅಭ್ಯಾಸವಿದ್ದರೆ, ಕೆಟ್ಟ ಡ್ರೈವರಿನಿಂದಾಗುವ ಕೇಡು ಅಲ್ಲಿಗೇ ನಿಲ್ಲುವುದು.